ಎಲುಬಿಗೆ ಅವಸರವಿಲ್ಲ

ಮಹಾಭಾರತದ ಅಷ್ಟಾವಕ್ರ ಎಂಟು ಕಡೆ ಡೊಂಕಾದ ಮೈಯಲ್ಲೇ ಜನಕನ ಸಭೆಗೆ ಹೋಗಿ ಅಲ್ಲಿನ ಪಂಡಿತ ಬಂದಿಯನ್ನು ವಾದದಲ್ಲಿ ಸೋಲಿಸಿದ. ಸಮಂಗಾ ನದಿಯಲ್ಲಿ ಮುಳುಗೆದ್ದು ನೆಟ್ಟಗಾದದ್ದು ಆಮೇಲೆ. ಭಾಗವತದ ಕೃಷ್ಣ ಗದ್ದ ಹಿಡಿದೆತ್ತಿದ್ದೇ ತಡ, ಕುಬ್ಜೆಯ ಗೂನು ಹೋಯಿತು. ಪುರಾಣಗಳಿಗೆ ದೇಹ ತಿದ್ದುವುದು ಪಾಪವಲ್ಲ. ತಿದ್ದಲು ಅಲ್ಲಿ ಕ್ಷಣ ಸಾಕು.

ಎಲುಬಿಗೆ ಸಾಲದು.

1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ವೈದ್ಯ ಗವ್ರೀಲ್ ಇಲಿಜರೋವ್ ಬೆಳೆಸಿದ, ಕಾಲನ್ನು ಉದ್ದ ಮಾಡುವ ವಿಧಾನದಲ್ಲಿ ಎಲುಬನ್ನು ಕತ್ತರಿಸಿ, ಕಾಲಿನ ಸುತ್ತ ರಿಂಗ್ ಕೂಡಿಸುತ್ತಾರೆ. ವಾರದಷ್ಟು ಕಾದು, ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ, ಅದನ್ನೂ ನಾಲ್ಕು ಸಲಕ್ಕೆ ಹಂಚಿ ಎಳೆಯುತ್ತಾರೆ. 5 ಸೆಂಟಿಮೀಟರ್‌ಗೆ 50 ದಿನ. ಅಲ್ಲಿಗೆ ಮುಗಿಯುವುದು ಎಳೆಯುವ ಕೆಲಸ ಮಾತ್ರ. ಸಂದಿನಲ್ಲಿ ಹುಟ್ಟಿದ ಎಳೆ ಎಲುಬು ಬಲಿಯಲು ಎರಡು ಮೂರು ಪಟ್ಟು ಕಾಲ ಬೇಕು. ದೊಡ್ಡವರಿಗೆ ರಿಂಗ್ ಐದಾರು ತಿಂಗಳಾದರೂ ಇರುತ್ತದೆ, ಮೊದಲಿನಂತೆ ಓಡಾಡಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಎಲುಬಿನೊಳಗೆ ಕೂರುವ ರಾಡು ಬಂದು ಹೊರಗಿನ ರಿಂಗ್ ತಪ್ಪಿದರೂ ಎಲುಬು ಬೆಳೆಯುವ ವೇಗ ಹಳೆಯದೇ. ಅವಸರಪಟ್ಟರೆ ನರಕ್ಕೆ ಪೆಟ್ಟು, ಕೀಲು ಮಡಚದಷ್ಟು ಬಿಗಿತ.

ಆ ವರ್ಷ ಯಾರದು? ಮಹಾರಾಷ್ಟ್ರದ ಗಡಿಗೆ ಅಂಟಿದ, ಆಳಂದ ತಾಲ್ಲೂಕಿನ ಹಿರೋಳ್ಳಿಯಂಥ ಊರಲ್ಲಿ ವರ್ಷವೆಂದರೆ ಒಂದು ಮುಂಗಾರು, ಒಂದು ತೊಗರಿ ರಾಶಿ. ಇದೇ ಸೀಮೆಯ, 12ನೇ ಶತಮಾನದ ಕಲ್ಯಾಣದ ಶರಣರು ದೇಹವನ್ನು ದೇಗುಲದಷ್ಟು ಎತ್ತರಕ್ಕೇರಿಸಿದರು. ಮನುಷ್ಯನನ್ನು ಅಳೆದದ್ದು ಕಾಯಕದಿಂದ. ಪೋಲಿಯೊದಿಂದಲೋ ಅಪಘಾತದಿಂದಲೋ ಒಂದು ಕಾಲು ಗಿಡ್ಡಾದವರಿಗೆ ಈ ಚಿಕಿತ್ಸೆ ಕಾಯಕವನ್ನು ಮರಳಿ ಕೊಡಬಲ್ಲದು. ಎತ್ತರಕ್ಕಾಗಿ ಗಟ್ಟಿ ಕಾಲುಗಳನ್ನೇ ಮುರಿಸಿಕೊಳ್ಳುವವರು ಇದ್ದ ಕಾಯಕವನ್ನು ಒತ್ತೆ ಇಡುತ್ತಾರೆ. ಚಿಕಿತ್ಸೆ ಬೇರೆ, ಅಲಂಕಾರ ಬೇರೆ ಎಂಬ ಗೆರೆಯನ್ನು ಇಸ್ಲಾಮಿನ ಹಲವು ಧರ್ಮಶಾಸ್ತ್ರಜ್ಞರೂ ಎಳೆದಿದ್ದಾರೆ. ಚೀನಾ 2006ರಲ್ಲಿ ಬರೀ ಎತ್ತರಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು.

ಆದರೂ ಗೆರೆ ಅಷ್ಟು ನೇರವಲ್ಲ. ಹೆಣ್ಣು ನೋಡಲು ಹೋದಲ್ಲಿ, ಗೆಳೆಯರ ನಡುವೆ, ಗಿಡ್ಡ ಎಂದು ನಗೆಗೀಡಾದವರ ನೋವು ಎಕ್ಸ್‌ರೇಯಲ್ಲಿ ಕಾಣದಿದ್ದರೂ ಸುಳ್ಳಲ್ಲ. ಅವರನ್ನು ಆಸೆಬುರುಕರೆಂದು ಜರಿಯುವ ಮೊದಲು ನಕ್ಕವರೂ ಲೆಕ್ಕ ಕೊಡಬೇಕು.

2016ರಲ್ಲಿ ಹೈದರಾಬಾದಿನಲ್ಲಿ ಯುವಕನೊಬ್ಬ ಮನೆಯವರಿಗೆ ಹೇಳದೆ ಎತ್ತರ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ದೊಡ್ಡ ಚರ್ಚೆಯೇ ಎದ್ದಿತು. ವಯಸ್ಸಿಗೆ ಬಂದವನ ದೇಹ ಅವನದೇ, ನಿಜ. ಆದರೆ ಸ್ಕ್ರೂ ತಿರುಗಿಸುವುದು, ಗಾಯ ಒರೆಸುವುದು, ರಾತ್ರಿ ಶೌಚಾಲಯಕ್ಕೆ ಎತ್ತಿಕೊಂಡು ಹೋಗುವುದು ಬಹುತೇಕ ತಾಯಿಯ, ಅಕ್ಕನ, ಹೆಂಡತಿಯ ಪಾಲಿಗೆ ಬರುತ್ತದೆ. ಒಪ್ಪಿಗೆ ಪತ್ರದಲ್ಲಿ ಅವರ ವರ್ಷದ ಬಗ್ಗೆ ಒಂದು ಸಾಲೂ ಇರುವುದಿಲ್ಲ.