ವಿಶೇಷ ದಿನದ ಊಟ

ಮನುಷ್ಯನು ದಿನನಿತ್ಯದ ಊಟದ ವಿಷಯದಲ್ಲಿ ಹೆಚ್ಚು ಯೋಚಿಸುವುದಿಲ್ಲ. ಹಸಿವು ಕೇಳುತ್ತದೆ, ಮನೆಯಲ್ಲಿ ಇದ್ದದ್ದು ಉತ್ತರ ಕೊಡುತ್ತದೆ. ಆದರೆ ಬಾಳಿನಲ್ಲಿ ಒಮ್ಮೆಯೋ ಎರಡು ಸಲವೋ ಬರುವ ದಿನದ ಊಟವನ್ನು ಎಲ್ಲಿ, ಯಾರೊಡನೆ, ಎಷ್ಟು ವೆಚ್ಚದಲ್ಲಿ ನಡೆಸಬೇಕೆಂದು ನಿಶ್ಚಯಿಸುವಾಗ ಅವನು ತಾನು ಯಾವುದಕ್ಕೆ ಬೆಲೆ ಕೊಡುತ್ತಾನೆಂಬುದನ್ನು ತನಗರಿವಿಲ್ಲದೆಯೇ ಹೊರಗೆಡಹುತ್ತಾನೆ. ಆದುದರಿಂದ ನಾಲಿಗೆಗೆ ಸಂಬಂಧಿಸಿದುದೆಂದು ತೋರುವ ಈ ಆಯ್ಕೆಯು ವಾಸ್ತವವಾಗಿ ನೀತಿಯ ಕ್ಷೇತ್ರಕ್ಕೆ ಸೇರಿದ್ದಾಗಿದೆ.

ಈ ಪ್ರಶ್ನೆಯನ್ನು ನಮ್ಮ ಊರಿನ ಮದುವೆಯ ಪಂಕ್ತಿಯನ್ನು ಮುಂದಿಟ್ಟುಕೊಂಡೇ ವಿಚಾರಿಸಬಹುದಾಗಿತ್ತು. ಆದರೆ ನಮ್ಮದರಲ್ಲಿ ನಮಗೆ ಅಭ್ಯಾಸವೂ ಅಭಿಮಾನವೂ ಅಡ್ಡ ಬರುತ್ತವೆ. ದೂರದ ನಿದರ್ಶನವನ್ನು ನಿರ್ಲಿಪ್ತವಾಗಿ ನೋಡಬಹುದು. ಅದಕ್ಕಾಗಿ ಯುರೋಪಿನ ಉತ್ತರದಲ್ಲಿರುವ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್, ಐಸ್‌ಲೆಂಡ್ ಎಂಬ ನಾರ್ಡಿಕ್ ದೇಶಗಳ ಕಡೆಗೆ ದೃಷ್ಟಿ ಹಾಯಿಸೋಣ. ಚಳಿಗಾಲವು ದೀರ್ಘವಾಗಿರುವ ಈ ನಾಡುಗಳಿಗೆ ಹಿಂದೆ ಪಾಕಕಲೆಯಲ್ಲಿ ಹೇಳಿಕೊಳ್ಳುವಂತಹ ಖ್ಯಾತಿಯಿರಲಿಲ್ಲ. ಶ್ರೀಮಂತ ಭೋಜನವೆಂದರೆ ಫ್ರಾನ್ಸಿನ ಮಾದರಿಯೇ ಪ್ರಮಾಣವಾಗಿತ್ತು. 2003ರಲ್ಲಿ ರೆನೆ ರೆಡ್ಜೆಪಿ ಮತ್ತು ಕ್ಲಾಸ್ ಮೇಯರ್ ಎಂಬವರು ಕೋಪನ್‌ಹೇಗನ್ನಿನ ಹಳೆಯ ಉಗ್ರಾಣವೊಂದರಲ್ಲಿ 'ನೋಮಾ' ಎಂಬ ಭೋಜನಗೃಹವನ್ನು ತೆರೆದರು. 'ನಾರ್ಡಿಕ್ ಆಹಾರ' ಎಂಬರ್ಥದ ಎರಡು ಡ್ಯಾನಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರಿದು. ಮರುವರ್ಷ, 2004ರಲ್ಲಿ, ಆ ಪ್ರದೇಶದ ಹನ್ನೆರಡು ಮಂದಿ ಪಾಕತಜ್ಞರು ಹತ್ತು ಅಂಶಗಳ ಘೋಷಣೆಯೊಂದಕ್ಕೆ ಸಹಿ ಹಾಕಿದರು. ತಮ್ಮ ನೆಲ, ನೀರು, ಹವೆಗಳಲ್ಲಿ ಚೆನ್ನಾಗಿ ಬೆಳೆಯುವುದನ್ನೇ ಬಳಸಬೇಕು. ಋತುಗಳ ಬದಲಾವಣೆ ತಟ್ಟೆಯಲ್ಲಿ ಕಾಣಬೇಕು ಎಂಬುವು ಅದರ ಮುಖ್ಯ ತತ್ತ್ವಗಳು. ಶುದ್ಧತೆ, ತಾಜಾತನ, ಸರಳತೆಗಳ ಜೊತೆಗೆ 'ನೀತಿ' ಎಂಬ ಶಬ್ದವನ್ನೂ ಅವರು ಮೊದಲನೆಯ ಅಂಶದಲ್ಲಿಯೇ ಸೇರಿಸಿದ್ದರು. ಈ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರಲಿದೆ.

ಇಂತಹ ಗೃಹಗಳಲ್ಲಿ ಊಟದ ರೀತಿಯೇ ಬೇರೆ. ಸಾಮಾನ್ಯ ಹೋಟೆಲಿನಲ್ಲಿ ಗಿರಾಕಿಯು ಪಟ್ಟಿಯನ್ನು ನೋಡಿ ತನಗೆ ಬೇಕಾದುದನ್ನು ಕೇಳುತ್ತಾನೆ. ಇಲ್ಲಿಯಾದರೋ ಪಾಕತಜ್ಞನು ನಿಶ್ಚಯಿಸಿದ ಹದಿನೈದೋ ಇಪ್ಪತ್ತೋ ಚಿಕ್ಕ ಚಿಕ್ಕ ಭಕ್ಷ್ಯಗಳು ಮೂರು ನಾಲ್ಕು ಗಂಟೆಗಳ ಕಾಲ ಒಂದಾದ ಮೇಲೊಂದು ಬರುತ್ತವೆ. ಕಾಡಿನ ಸೊಪ್ಪು, ಪಾಚಿ, ಸಮುದ್ರದ ಚಿಪ್ಪುಜೀವಿ, ಕೆಲವೊಮ್ಮೆ ಇರುವೆಗಳು ಕೂಡ ತಟ್ಟೆಯನ್ನೇರುವುದುಂಟು. ತಿಂಗಳುಗಳ ಮೊದಲೇ ಸ್ಥಳವನ್ನು ಕಾದಿರಿಸಬೇಕು; ಎಷ್ಟೋ ಕಡೆ ಹಣವನ್ನೂ ಮುಂಗಡವಾಗಿಯೇ ತೆರಬೇಕು. ಎಂದರೆ, ಗೃಹವನ್ನು ಆರಿಸಿದ ಕ್ಷಣದಲ್ಲಿಯೇ ಅತಿಥಿಯ ಆಯ್ಕೆಯು ಬಹುಮಟ್ಟಿಗೆ ಮುಗಿಯಿತು. ಆಮೇಲೆ ಉಳಿಯುವುದು ನಂಬಿಕೆ ಮಾತ್ರ. ಹೀಗೆ ಒಂದೇ ಆಯ್ಕೆಯ ಮೇಲೆ ಎಲ್ಲವೂ ನಿಂತಿರುವುದರಿಂದ ಆ ಆಯ್ಕೆಯನ್ನು ಪರೀಕ್ಷಿಸುವುದು ಸಾರ್ಥಕವಾದ ಕೆಲಸ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಡೆನ್ಮಾರ್ಕಿನಲ್ಲಿ ದಂಪತಿಗಳು ವಿವಾಹದ ಇಪ್ಪತ್ತೈದು ವರ್ಷಗಳನ್ನು ಪೂರೈಸಿದಾಗ 'ಬೆಳ್ಳಿಯ ಮದುವೆ'ಯನ್ನು ಆಚರಿಸುವ ಒಂದು ಸೊಗಸಾದ ಪದ್ಧತಿಯಿದೆ. ನೆರೆಹೊರೆಯವರೂ ಮಿತ್ರರೂ ಸೇರಿ ಹಸುರು ಕೊಂಬೆಗಳಿಂದಲೂ ಹೂಗಳಿಂದಲೂ ಅವರ ಮನೆಯ ಬಾಗಿಲಿಗೆ ಕಮಾನು ಕಟ್ಟುತ್ತಾರೆ. ಆ ದಿನ ಬೆಳಗಿನ ಜಾವ ಬಾಗಿಲ ಮುಂದೆ ನಿಂತು ಹಾಡಿ ದಂಪತಿಗಳನ್ನು ಎಬ್ಬಿಸುತ್ತಾರೆ. ಕೆಲವೆಡೆ ವಾದ್ಯವೂ ಇರುತ್ತದೆ. ದಂಪತಿಗಳು ಬಂದವರಿಗೆಲ್ಲ ಕಾಫಿಯನ್ನೂ ರೊಟ್ಟಿಯನ್ನೂ ಕೊಟ್ಟು ಸತ್ಕರಿಸುತ್ತಾರೆ. ಬಾಗಿಲಿಗೆ ತೋರಣ ಕಟ್ಟುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈಗ, ಆಸ್ಪತ್ರೆಯ ದಾದಿಯೊಬ್ಬಳೂ ಬಸ್ಸಿನ ಚಾಲಕನೊಬ್ಬನೂ ಇಂತಹ ಬೆಳ್ಳಿಯ ಮದುವೆಯನ್ನು ಎದುರು ನೋಡುತ್ತಿದ್ದಾರೆಂದು ಭಾವಿಸಿರಿ. ಜೀವಮಾನದಲ್ಲಿ ಒಮ್ಮೆಯಾದರೂ ಆ ಪ್ರಖ್ಯಾತ ಗೃಹಗಳಲ್ಲೊಂದರಲ್ಲಿ ಕುಳಿತು ಉಣ್ಣಬೇಕೆಂಬ ಆಸೆ ಅವರಿಗೆ. ತಲೆಯೊಂದಕ್ಕೆ ಸಾವಿರಾರು ಕ್ರೋನ ವೆಚ್ಚ. ಅವರು ಹೋಗಬೇಕೆ? ಹೋಗುವುದಾದರೆ ಯಾವ ಗೃಹಕ್ಕೆ?

ಮೊದಲು ತೋರುವ ಉತ್ತರವು ಖ್ಯಾತಿಯ ಉತ್ತರ: ಎಲ್ಲಕ್ಕಿಂತ ಪ್ರಸಿದ್ಧವಾದುದಕ್ಕೆ ಹೋಗಲಿ. ಖ್ಯಾತಿಯನ್ನು ಅಳೆಯುವ ಮಾನದಂಡಗಳು ಇಲ್ಲದಿಲ್ಲ. ಟೈರು ತಯಾರಿಸುವ ಮಿಶೆಲಿನ್ ಸಂಸ್ಥೆಯು 1900ರಲ್ಲಿ ವಾಹನಸಂಚಾರಿಗಳಿಗಾಗಿ ಆರಂಭಿಸಿದ ಕೈಪಿಡಿಯು 1926ರಿಂದ ಭೋಜನಗೃಹಗಳಿಗೆ ನಕ್ಷತ್ರ ಕೊಡತೊಡಗಿತು. ಮೂರು ನಕ್ಷತ್ರಗಳೆಂದರೆ ಆ ಊಟಕ್ಕಾಗಿಯೇ ಪ್ರತ್ಯೇಕ ಪ್ರಯಾಣ ಕೈಗೊಳ್ಳಬಹುದು ಎಂದರ್ಥ. ಕೋಪನ್‌ಹೇಗನ್ನಿನ ಜೆರಾನಿಯಮ್, ಓಸ್ಲೋದ ಮಾಯೆಮೊ ಇವೆರಡಕ್ಕೂ 2016ರಲ್ಲಿ, ಸ್ಟಾಕ್‌ಹೋಮಿನ ಫ್ರಾಂಟ್ಸೇನ್‌ಗೆ 2018ರಲ್ಲಿ, ನೋಮಾಕ್ಕೆ 2021ರಲ್ಲಿ ಮೂರನೆಯ ನಕ್ಷತ್ರ ದೊರೆಯಿತು. ಈ ಪರೀಕ್ಷಕರ ಶ್ರಮವನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಆದರೆ ನಕ್ಷತ್ರವು ತಟ್ಟೆಯ ಗುಣವನ್ನು ಹೇಳುತ್ತದೆಯೇ ಹೊರತು ಆ ದಿನದ ಗುಣವನ್ನು ಹೇಳಲಾರದು. ನಮ್ಮ ವೈಶೇಷಿಕ ದರ್ಶನಕಾರರು 'ವಿಶೇಷ'ವೆಂಬುದನ್ನು ಒಂದು ಪದಾರ್ಥವೆಂದೇ ಎಣಿಸಿದರು. ಒಂದು ನಿತ್ಯದ್ರವ್ಯವನ್ನು ಮತ್ತೊಂದರಿಂದ ಬೇರ್ಪಡಿಸುವ, ಅದರಲ್ಲಿಯೇ ನೆಲೆಸಿರುವ ಧರ್ಮವದು, ಹೊರಗಿನಿಂದ ಅಂಟಿಸಿದ್ದಲ್ಲ. ಅವರು ಪರಮಾಣುಗಳ ವಿಷಯದಲ್ಲಿ ಆಡಿದ ಮಾತನ್ನು ನಾವು ಹಬ್ಬದ ದಿನಕ್ಕೆ ಅನ್ವಯಿಸಿದರೆ ತಪ್ಪಾಗಲಾರದು. ದಾದಿ ಮತ್ತು ಚಾಲಕರ ಆ ದಿನದ ವಿಶೇಷವು ಇಪ್ಪತ್ತೈದು ವರ್ಷಗಳ ಸಹಜೀವನದಲ್ಲಿದೆ. ಆ ವರ್ಷಗಳು ಬರಿದಾಗಿದ್ದರೆ ಮೂರು ನಕ್ಷತ್ರಗಳೂ ಅವನ್ನು ತುಂಬಲಾರವು. ತುಂಬಿದ್ದರೆ ಅವುಗಳಿಗೆ ನಕ್ಷತ್ರದ ಸಾಲ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉತ್ತರವು ವೈರಾಗ್ಯದ ಉತ್ತರ: ಒಂದು ಸಂಜೆಯ ಊಟಕ್ಕೆ ಅಷ್ಟು ಹಣವನ್ನು ಸುರಿಯುವುದು ಅಧರ್ಮ, ಹೋಗಲೇಕೂಡದು. ಹಸಿದ ಮಕ್ಕಳನ್ನು ಶಾಲೆಯಲ್ಲಿ ಕಂಡಿರುವ ಉಪಾಧ್ಯಾಯರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಆದರೆ ಡ್ಯಾನಿಷ್ ಲೇಖಕಿ ಕಾರೆನ್ ಬ್ಲಿಕ್ಸೆನ್ 1950ರಲ್ಲಿ ಪ್ರಕಟಿಸಿದ 'ಬಾಬೆಟ್ಟಳ ಔತಣ' ಎಂಬ ಕಥೆಯು ನಮ್ಮನ್ನು ಇಲ್ಲಿ ತಡೆದು ನಿಲ್ಲಿಸುತ್ತದೆ. 1871ರ ಪ್ಯಾರಿಸಿನ ದಂಗೆಯಿಂದ ತಪ್ಪಿಸಿಕೊಂಡು ಬಂದ ಬಾಬೆಟ್ ಎಂಬಾಕೆ ನಾರ್ವೆಯ ಒಂದು ಪುಟ್ಟ ಊರಿನಲ್ಲಿ ಇಬ್ಬರು ಧರ್ಮನಿಷ್ಠ ಸೋದರಿಯರ ಮನೆಯಲ್ಲಿ ಅಡಿಗೆಯವಳಾಗಿ ನಿಲ್ಲುತ್ತಾಳೆ. ವರ್ಷಗಳ ಮೇಲೆ ಲಾಟರಿಯಲ್ಲಿ 10,000 ಫ್ರಾಂಕುಗಳು ಬರುತ್ತವೆ. ಅಷ್ಟನ್ನೂ ಆಕೆ ಹನ್ನೆರಡು ಜನರ ಒಂದೇ ಔತಣಕ್ಕೆ ವೆಚ್ಚ ಮಾಡುತ್ತಾಳೆ. ಉಂಡವರಾದರೋ ಊಟದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲವೆಂದು ಮೊದಲೇ ನಿಶ್ಚಯಿಸಿಕೊಂಡು ಬಂದ ವ್ರತಸ್ಥರು! ಆದರೂ ಆ ರಾತ್ರಿ ಅವರ ನಡುವಣ ಹಳೆಯ ಮನಸ್ತಾಪಗಳು ಕರಗುತ್ತವೆ. ತಮಗಾಗಿ ಎಲ್ಲವನ್ನೂ ತ್ಯಾಗ ಮಾಡಿದೆಯಲ್ಲಾ ಎಂದು ಸೋದರಿಯರು ಮರುಗಿದಾಗ ಬಾಬೆಟ್ ಅದನ್ನು ಒಪ್ಪುವುದಿಲ್ಲ. ತನ್ನ ಕಲೆಯನ್ನು ಪೂರ್ಣವಾಗಿ ತೋರುವ ಅವಕಾಶ ಆಕೆಗೆ ಬೇಕಾಗಿತ್ತು.

ಈ ದುಂದುಗಾರಿಕೆಯನ್ನು ನಾವು ಏಕೆ ಖಂಡಿಸಲಾರೆವು? ಆಕೆಯ ಹಣ ಆಕೆಯದು, ದುಡಿಮೆ ಆಕೆಯದು, ಅದಕ್ಕಾಗಿ ಯಾರೂ ಉಪವಾಸ ಬೀಳಲಿಲ್ಲ, ಯಾರ ಮೇಲೂ ಸಾಲ ಬೀಳಲಿಲ್ಲ. ಇದರಿಂದ, ವೆಚ್ಚದ ದೊಡ್ಡತನವೊಂದೇ ಪಾಪವಾಗದೆಂಬುದು ಸ್ಪಷ್ಟವಾಗುತ್ತದೆ. ಆದರೆ ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ಬೇಕಾಗುತ್ತದೆ. ಆ ಹಾಸಿಗೆಯಲ್ಲಿ ಮತ್ತಾರು ಮಲಗಿದ್ದಾರೆಂಬುದನ್ನೂ ನೋಡಿ ಚಾಚಬೇಕು. ದಂಪತಿಗಳು ವರ್ಷಗಟ್ಟಲೆ ಕೂಡಿಸಿದ ಹಣ ಒಂದು. ಮಕ್ಕಳನ್ನು ಕೇಳದೆ ಅವರ ವಿದ್ಯಾಭ್ಯಾಸದ ಹಣವನ್ನು ತೆಗೆದು ಮಾಡಿದ ಸಂಭ್ರಮ ಇನ್ನೊಂದು. ಜೊತೆಗೆ, ನೆರೆಯ ಫಿನ್ಲೆಂಡಿನ ನಡೆಯೊಂದು ಇಲ್ಲಿ ಉಲ್ಲೇಖಕ್ಕೆ ಯೋಗ್ಯವಾಗಿದೆ. ಶಾಲೆಗೆ ಬರುವ ಪ್ರತಿಯೊಂದು ಮಗುವಿಗೂ ಉಚಿತವಾಗಿ ಬಿಸಿಯೂಟ ಕೊಡಬೇಕೆಂಬ ಕಾನೂನು ಅಲ್ಲಿ 1943ರಲ್ಲಿ, ಯುದ್ಧದ ನಡುವೆಯೇ, ಸ್ವೀಕೃತವಾಗಿ 1948ರಿಂದ ಜಾರಿಗೆ ಬಂದಿತು. ನಿತ್ಯದ ತಟ್ಟೆಯನ್ನು ಎಲ್ಲರಿಗೂ ಹಾಸಿದ ಸಮಾಜದಲ್ಲಿ ಹಬ್ಬದ ತಟ್ಟೆಯು ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ. ಹಾಗೆ ಹಾಸದ ಕಡೆ ಚುಚ್ಚುತ್ತದೆ, ಚುಚ್ಚಲೇಬೇಕು. ಆದರೆ ಆ ಕೊರತೆಯನ್ನು ನೀಗಿಸುವ ಹೊಣೆ ಇಡೀ ಸಮಾಜದ್ದು. ಅದನ್ನೆಲ್ಲ ಒಬ್ಬ ದಾದಿಯ ಒಂದು ಸಂಜೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಖ್ಯಾತಿಯೂ ವೈರಾಗ್ಯವೂ ಕೇಳಲು ಮರೆಯುವ ಪ್ರಶ್ನೆಯೊಂದಿದೆ: ಬೇಯಿಸಿದವರಾರು, ಯಾವ ಸ್ಥಿತಿಯಲ್ಲಿ ಬೇಯಿಸಿದರು? ಒಂದು ಎಲೆಯ ಮೇಲೆ ಮತ್ತೊಂದು ಎಲೆಯನ್ನು ಚಿಮುಟದಿಂದ ಇಡುವ ಈ ಪಾಕಕ್ಕೆ ಅಸಂಖ್ಯಾತ ಕೈಗಳು ಬೇಕು. ಅನೇಕ ವರ್ಷಗಳ ಕಾಲ ಇಂತಹ ಅಡಿಗೆಮನೆಗಳಲ್ಲಿ ಕಲಿಯಲು ಬಂದ ತರುಣರು ಸಂಬಳವಿಲ್ಲದೆ ದುಡಿಯುವುದು ರೂಢಿಯಾಗಿತ್ತು. ನೋಮಾ ತನ್ನ ಅಭ್ಯಾಸಿಗಳಿಗೆ ಸಂಬಳ ಕೊಡಲು ಆರಂಭಿಸಿದ್ದು 2022ರ ಅಕ್ಟೋಬರಿನಲ್ಲಿ. 2023ರ ಜನವರಿಯಲ್ಲಿ, 2024ರ ಕೊನೆಗೆ ಅದನ್ನು ನಿತ್ಯದ ಭೋಜನಗೃಹವಾಗಿ ನಡೆಸುವುದನ್ನು ನಿಲ್ಲಿಸುವ ಉದ್ದೇಶವನ್ನು ರೆಡ್ಜೆಪಿಯೇ ಪ್ರಕಟಿಸಿ, ಈ ಮಾದರಿಯು ಆರ್ಥಿಕವಾಗಿಯೂ ಮಾನಸಿಕವಾಗಿಯೂ ಬಾಳತಕ್ಕದ್ದಲ್ಲವೆಂದು ಒಪ್ಪಿಕೊಂಡರು. ಮುಂದೆ ಆ ಯೋಜನೆಯು ಬದಲಾಯಿತಾದರೂ ಆ ಮಾತು ಅಳಿಯಲಿಲ್ಲ. ಅದಕ್ಕೂ ಮೊದಲು, ಸ್ವೀಡನ್ನಿನ ಉತ್ತರದ ಏಕಾಂತದಲ್ಲಿ ಪ್ರತಿ ಸಂಜೆ ಕೆಲವೇ ಅತಿಥಿಗಳಿಗೆ ಬಡಿಸುತ್ತಿದ್ದ ಫೇವಿಕೆನ್ ಎಂಬ ಗೃಹವನ್ನು ಮಾಗ್ನುಸ್ ನಿಲ್ಸನ್ 2019ರ ಡಿಸೆಂಬರಿನಲ್ಲಿ ಮುಚ್ಚಿದರು. ಖ್ಯಾತಿ ಕುಂದಿರಲಿಲ್ಲ, ದುಡಿಯುವ ಉತ್ಸಾಹ ಉಳಿದಿರಲಿಲ್ಲ.

2004ರ ಘೋಷಣೆಯಲ್ಲಿದ್ದ 'ನೀತಿ' ಎಂಬ ಶಬ್ದವನ್ನು ಈಗ ನೆನೆಯೋಣ. ಸೊಪ್ಪನ್ನು ಕಿತ್ತ ನೆಲದ ಬಗ್ಗೆ ಅಷ್ಟು ಎಚ್ಚರ ವಹಿಸುವವರು ಸೊಪ್ಪನ್ನು ತೊಳೆದ ಕೈಯ ಬಗ್ಗೆಯೂ ಎಚ್ಚರ ವಹಿಸಬೇಕಲ್ಲವೇ? ಉಣ್ಣುವವನಿಗೆ ಅಡಿಗೆಮನೆಯ ಒಳಗಣ ಸ್ಥಿತಿಯೆಲ್ಲ ತಿಳಿಯದು, ನಿಜ. ಆದರೆ ತಿಂಗಳುಗಟ್ಟಲೆ ಮೊದಲು ಸ್ಥಳ ಕಾದಿರಿಸಲು ವೇಳೆಯುಳ್ಳವನಿಗೆ, ಅಲ್ಲಿ ಕಲಿಯುವವರಿಗೆ ಸಂಬಳವುಂಟೇ, ವಾರಕ್ಕೆ ಎಷ್ಟು ದಿನ ಗೃಹವು ಮುಚ್ಚಿರುತ್ತದೆ ಎಂದು ವಿಚಾರಿಸಲು ವೇಳೆಯಿಲ್ಲವೆನ್ನಲಾಗದು. ಪ್ರೀತಿಯ ಇಪ್ಪತ್ತೈದನೆಯ ವರ್ಷವನ್ನು ಮತ್ತೊಬ್ಬರ ಬವಣೆಯ ಮೇಲೆ ಆಚರಿಸಿದರೆ ಆ ದಿನಕ್ಕೆ ಕಲೆ ತಗಲುತ್ತದೆ, ಉಂಡವರಿಗೆ ಅದು ಕಾಣದಿದ್ದರೂ.

ಕೊನೆಯದಾಗಿ ಅತಿಥಿಯ ಪ್ರಶ್ನೆ. ಮತ್ತೊಬ್ಬರಿಗಾಗಿ ಊಟದ ಸ್ಥಳವನ್ನು ಆರಿಸುವುದೆಂದರೆ ಅವರನ್ನು ಅರಿತಿರುವುದರ ಪರೀಕ್ಷೆಯೇ ಸರಿ. ಚಾಲಕನಿಗೆ ಈ ಸಂಜೆ ಬಹುಕಾಲದ ಕನಸಾಗಿದ್ದು, ರಾತ್ರಿಪಾಳಿಯಲ್ಲಿ ದಣಿದ ದಾದಿಗೆ ನಾಲ್ಕು ಗಂಟೆ ನೆಟ್ಟಗೆ ಕೂರುವುದೇ ಶ್ರಮವಾಗಿದ್ದರೆ, ಅವನು ಆಕೆಯ ಹೆಸರಿನಲ್ಲಿ ತನ್ನ ಆಸೆಯನ್ನು ತೀರಿಸಿಕೊಂಡಂತಾಯಿತು. ಮೀನು ಒಗ್ಗದವರು, ಹಲ್ಲು ಬಿದ್ದ ಹಿರಿಯರು, ಪಾಚಿಯನ್ನು ಕಂಡು ಅಳುವ ಮಕ್ಕಳು ಜೊತೆಗಿದ್ದರೆ ಪ್ರಖ್ಯಾತ ಗೃಹಕ್ಕಿಂತ, ರೈ ರೊಟ್ಟಿಯ ಮೇಲೆ ಹೆರಿಂಗ್ ಮೀನನ್ನೋ ಆಲೂಗಡ್ಡೆಯನ್ನೋ ಇಟ್ಟು ಕೊಡುವ ಕೋಪನ್‌ಹೇಗನ್ನಿನ ಸಾಧಾರಣ ಮಧ್ಯಾಹ್ನದ ಅಂಗಡಿಯೇ ಮೇಲು. ಅಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಕೇಳಬಹುದು.

ಹಾಗಾದರೆ ನಮ್ಮ ದಂಪತಿಗಳಿಗೆ ಏನೆಂದು ಹೇಳೋಣ? ಇಬ್ಬರಿಗೂ ಮನಸ್ಸಿದ್ದರೆ, ಹಣವು ಅವರದೇ ಆಗಿದ್ದರೆ, ದುಡಿಯುವವರನ್ನು ಗೌರವದಿಂದ ಕಾಣುವ ಗೃಹವು ದೊರೆತರೆ ಅವರು ಸಂತೋಷದಿಂದ ಹೋಗಲಿ, ಅಳುಕಬೇಕಾಗಿಲ್ಲ. ನಕ್ಷತ್ರ ಎರಡಿರಲಿ, ಒಂದಿರಲಿ, ಇಲ್ಲದಿರಲಿ. ಆದರೆ ಆ ಬೆಳಿಗ್ಗೆ ಬಾಗಿಲಲ್ಲಿ ಹಸುರು ಕಮಾನು ಕಟ್ಟಿ ಹಾಡಿದವರಿಗೆ ಕೊಡುವ ಕಾಫಿಯಲ್ಲಿ ಕಡಿತ ಮಾಡಿ ಸಂಜೆಯ ಮೇಜಿಗೆ ಹಣ ಹೊಂದಿಸದಿರಲಿ. ಮದುವೆಯು ಇಬ್ಬರದಾದರೂ ಅದು ಇಪ್ಪತ್ತೈದು ವರ್ಷ ನಿಂತದ್ದರಲ್ಲಿ, ಕಾಯಿಲೆಯ ದಿನ ಮಗುವನ್ನು ನೋಡಿಕೊಂಡ ನೆರೆಮನೆಯವರ ಪಾಲೂ ಇದೆ. ಆ ಋಣ ಸಂದ ಮೇಲೆ ಬರುವ ಸಂಜೆಯು ಅವರಿಬ್ಬರದೇ. ಅದನ್ನು ಮರುವಾರಕ್ಕೆ ಮುಂದೂಡಿದರೂ ನಷ್ಟವಿಲ್ಲ.

ಉಪಾಧ್ಯಾಯ ಮಿತ್ರರೂ ವಿದ್ಯಾರ್ಥಿಗಳೂ ಇದನ್ನು ತರಗತಿಯಲ್ಲಿ ಚರ್ಚೆಯ ವಿಷಯವಾಗಿ ಇಟ್ಟುಕೊಳ್ಳಬಹುದು. ಎಲ್ಲಿಗೆ ಹೋಗೋಣ ಎಂಬುದು ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ. ಈ ದಿನ ಯಾರದು, ಇದನ್ನು ಯಾರು ಯಾರು ಕೂಡಿ ಮಾಡಿದರು, ಇದಕ್ಕಾಗಿ ಯಾರು ದುಡಿಯುವರು ಎಂಬುವನ್ನು ಮೊದಲು ಕೇಳಿ, ಸ್ಥಳದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡರೆ, ಆಯ್ಕೆ ಮಾಡಬೇಕಾದ ಮನೆಗಳು ಬಹಳ ಉಳಿದಿರುವುದಿಲ್ಲ.