ಯಂತ್ರವೂ ಹೊಣೆಯೂ

ಕೆಲಸ ಕೆಟ್ಟಾಗ “ಇದು ನನ್ನ ತಪ್ಪಲ್ಲ, ಯಂತ್ರದ ತಪ್ಪು” ಎನ್ನುವುದು ಈ ಕಾಲದಲ್ಲಿ ಎಲ್ಲರಿಗೂ ರೂಢಿಯಾಗಿದೆ. ಗುಮಾಸ್ತನೂ ಹೇಳುತ್ತಾನೆ, ವ್ಯಾಪಾರಿಯೂ ಹೇಳುತ್ತಾನೆ, ನಾನೂ ಹೇಳಿದ್ದೇನೆ. ಈ ಮಾತಿನಲ್ಲಿ ಸತ್ಯವೆಷ್ಟು, ನೆಪವೆಷ್ಟು ಎಂದು ವಿಚಾರಿಸಬೇಕಾದ ಪ್ರಸಂಗವೊಂದು ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ಮನೆಯಲ್ಲಿಯೇ ಒದಗಿತು. ವಿಷಯವು ಕಬ್ಬಿಣದ ಒಂದು ತುಂಡಿಗೆ ಸಂಬಂಧಿಸಿದುದಾದರೂ ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ನಮ್ಮದು ಬಣಕಲ್ಲು, ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿರುವ ಊರು. ಮಳೆಗಾಲದಲ್ಲಿ ಇಲ್ಲಿ ತುಕ್ಕು ಹಿಡಿಯದ ವಸ್ತುವೆಂದರೆ ಕಲ್ಲು ಮಾತ್ರ. ಅಂಥ ಊರಿನಲ್ಲಿ ನನ್ನ ತಮ್ಮನ ಮಗನು ಗೊಬ್ಬರ ಇಡುತ್ತಿದ್ದ ಕೊಠಡಿಯನ್ನು ತೆರವು ಮಾಡಿ ಹಳೆಯದೊಂದು ಮಿಲ್ಲಿಂಗ್ ಯಂತ್ರವನ್ನು ತಂದು ನಿಲ್ಲಿಸಿದನು. ಲೇತಿನಲ್ಲಿ ಲೋಹವು ತಿರುಗುತ್ತದೆ, ಉಳಿ ನಿಂತಿರುತ್ತದೆ. ಇದರಲ್ಲಿ ಹಲ್ಲುಳ್ಳ ಕಟ್ಟರು ತಿರುಗುತ್ತದೆ, ಮೇಜಿಗೆ ಬಿಗಿದ ಲೋಹವು ಅದರೆದುರಿಗೆ ಸರಿದು ಕೊರೆಸಿಕೊಳ್ಳುತ್ತದೆ. ಮೇಜನ್ನು ಸರಿಸುವುದಕ್ಕೆ ಕೈಚಕ್ರಗಳಿದ್ದುವು. ಹುಡುಗನು ಅವನ್ನು ಕಿತ್ತು, ಆ ಜಾಗದಲ್ಲಿ ಸ್ಟೆಪ್ಪರ್ ಮೋಟಾರುಗಳನ್ನು ಕೂರಿಸಿ, ಉಚಿತವಾಗಿ ದೊರೆಯುವ ತಂತ್ರಾಂಶವೊಂದನ್ನು ಹಾಕಿದ ಹಳೆಯ ಕಂಪ್ಯೂಟರಿಗೆ ಜೋಡಿಸಿದನು. ಹೀಗೆ ಕೈಯಂತ್ರವು ಸಿ.ಎನ್.ಸಿ. ಯಂತ್ರವಾಯಿತು.

ಈ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಒಂದು ಸುತ್ತಿಗೆ 5 ಮಿಲಿಮೀಟರು ಸರಿಸುವ ತಿರುಪಾದರೆ ಒಂದು ಹೆಜ್ಜೆಗೆ ಮೇಜು 0.025 ಮಿಲಿಮೀಟರು ಚಲಿಸಬೇಕು. “ಚಲಿಸಬೇಕು” ಎಂದೆ, ಚಲಿಸುತ್ತದೆ ಎನ್ನಲಿಲ್ಲ. ಕಂಪ್ಯೂಟರು ಹೆಜ್ಜೆಗಳನ್ನು ಎಣಿಸಿ ಕಳುಹಿಸುತ್ತದೆಯೇ ಹೊರತು ಮೇಜು ನಿಜವಾಗಿ ಎಲ್ಲಿದೆ ಎಂಬುದನ್ನು ನೋಡುವ ಕಣ್ಣು ಅದಕ್ಕಿಲ್ಲ. ದೊಡ್ಡ ಕಾರ್ಖಾನೆಗಳ ಯಂತ್ರಗಳಲ್ಲಿ ಮೇಜಿನ ಸ್ಥಾನವನ್ನೇ ಓದಿ ತಿಳಿಸುವ ಅಳತೆಪಟ್ಟಿಗಳನ್ನು ಇಡುವುದುಂಟು. ಮನೆಯಲ್ಲಿ ಮಾಡಿಕೊಂಡದ್ದಕ್ಕೆ ಆ ಭಾಗ್ಯವೆಲ್ಲಿಂದ ಬರಬೇಕು?

ಅಂಕಿಗಳಿಂದ ಲೋಹವನ್ನು ಕೊರೆಯುವ ಈ ವಿಧಾನದ ಹುಟ್ಟು ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬವರ ಕಾರ್ಖಾನೆಯಲ್ಲಿ ಮೊದಲು ಒಬ್ಬನು ಪಟ್ಟಿಯಿಂದ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಇಬ್ಬರು ಕೆಲಸಗಾರರು ಅದನ್ನು ಕೇಳಿ ತಲಾ ಒಂದು ಚಕ್ರವನ್ನು ತಿರುಗಿಸುತ್ತಿದ್ದರಂತೆ. 1952ರಲ್ಲಿ ಮಸಾಚುಸೆಟ್ಸಿನ ಎಂ.ಐ.ಟಿ. ವಿದ್ಯಾಸಂಸ್ಥೆಯವರು ರಂಧ್ರ ಹೊಡೆದ ಪಟ್ಟಿಯನ್ನು ಓದಿ ತಾನಾಗಿ ನಡೆಯುವ ಯಂತ್ರವನ್ನು ಪ್ರದರ್ಶಿಸಿದರು. ಓದುವವನೂ ತಿರುಗಿಸುವವರೂ ಅಲ್ಲಿಗೆ ಮಾಯವಾದರು. ಆದರೆ ಅವರೊಡನೆ ಇನ್ನೊಂದು ವಸ್ತುವೂ ಹೋಯಿತು: ಕೈಯ ಅರಿವು.

ತಿರುಪಿಗೂ ಅದರ ನಟ್ಟಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಹಳೆಯ ಯಂತ್ರದಲ್ಲಿ ಸವೆದು ಹೆಚ್ಚಾಗಿರುತ್ತದೆ. ಚಕ್ರವನ್ನು ಹಿಂದಕ್ಕೆ ತಿರುಗಿಸಿದಾಗ ಆ ಸಡಿಲ ಮುಗಿಯುವ ತನಕ ಮೇಜು ಮಿಸುಕುವುದಿಲ್ಲ. ಕೈಯಿಂದ ತಿರುಗಿಸುವವನಿಗೆ ಇದು ಬೆರಳಿನಲ್ಲಿಯೇ ತಿಳಿಯುತ್ತದೆ. ಅವನು ಸ್ವಲ್ಪ ಹಿಂದಕ್ಕೆ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ಗುರುತಿಗೆ ಬರುತ್ತಾನೆ. ಮೋಟಾರಿಗೆ ಬೆರಳಿಲ್ಲ.

ನೆರೆಯ ತೋಟದ ಗೌಡರ ಪಲ್ಪರಿನಲ್ಲಿ ಬೇರಿಂಗು ಕೂರುವ ಕಬ್ಬಿಣದ ಬ್ಲಾಕು ಬಿರುಕು ಬಿಟ್ಟಿತು. ಹಣ್ಣು ಕೊಯ್ದು ರಾಶಿ ಬಿದ್ದಿತ್ತು. ಅದೇ ದಿನ ಸಿಪ್ಪೆ ತೆಗೆಯದಿದ್ದರೆ ಹುಳಿತು ಕಾಫಿಯ ರುಚಿ ಕೆಡುತ್ತದೆ. ಹುಡುಗನು ಮಧ್ಯಾಹ್ನವೆಲ್ಲ ಕುಳಿತು ಹೊಸದನ್ನು ಕೊರೆದನು. ನೋಡುವುದಕ್ಕೆ ಬೆಳ್ಳಿಯಂತಿತ್ತು. ಬುಡದಿಂದ ರಂಧ್ರದ ನಡುವಿಗೆ 40 ಮಿಲಿಮೀಟರು ಇರಬೇಕಾದದ್ದು, ವರ್ನಿಯರ್ ಹಿಡಿದಾಗ 39.7 ಬಂದಿತು. ಬುಡವನ್ನು ಕೊರೆದ ಮೇಲೆ ಮೇಜು ಹಿಂದಿರುಗಿದ್ದಿತು. ಆ ಸಡಿಲವು ತನ್ನ ಪಾಲನ್ನು ತಿಂದಿದ್ದಿತು.

“ದೊಡ್ಡಪ್ಪ, ಪರದೆಯ ಮೇಲೆ ನಲವತ್ತು ಅಂತಲೇ ಇದೆ. ನಾನು ಬರೆದದ್ದೂ ನಲವತ್ತೇ” ಎಂದನು. ಅವನು ಸುಳ್ಳು ಹೇಳಲಿಲ್ಲ. ಆದರೆ ಪರದೆಯ ಮೇಲಿನ ಅಂಕಿಯು ಅಪ್ಪಣೆ, ಸಾಕ್ಷಿಯಲ್ಲ. ಆಜ್ಞೆ ಹೊರಟ ಮಾತ್ರಕ್ಕೆ ರಸ್ತೆಯಾಯಿತೆಂದು ಲೆಕ್ಕ ಬರೆಯುವವರನ್ನು ನಾವು ಕಂಡಿಲ್ಲವೆ?

ಹೊಸದನ್ನು ಮಾಡಲು ಮರುದಿನವಾಗುತ್ತಿತ್ತು. ಅಷ್ಟರಲ್ಲಿ ಹಣ್ಣು ಹಾಳಾಗುತ್ತಿತ್ತು. ಇದ್ದುದನ್ನೇ ಮಾತಿಲ್ಲದೆ ಕೊಟ್ಟರೆ ದಂಡವು ಓರೆಯಾಗಿ ಕುಳಿತು, ಉರುಳೆಯ ಒಂದು ತುದಿಯಲ್ಲಿ ಬೀಜ ಜಜ್ಜುತ್ತಿತ್ತು. ಗೌಡರು ಪಲ್ಪರು ಹಳೆಯದಾಯಿತೆಂದುಕೊಂಡು ಸುಮ್ಮನಾಗುತ್ತಿದ್ದರು. ಯಾರಿಗೂ ತಿಳಿಯದ ತಪ್ಪು ತಪ್ಪೇ ಅಲ್ಲವೆಂಬ ವಾದವು ಆ ಸಾಯಂಕಾಲ ನನ್ನ ಮನಸ್ಸಿನಲ್ಲಿಯೂ ಸುಳಿಯಿತೆಂದು ಒಪ್ಪಿಕೊಳ್ಳಬೇಕು.

ಇಂಥ ವೇಳೆಯಲ್ಲಿ ನಮ್ಮ ಸೀಮೆಯವರಿಗೆ ಬೇಲೂರು ನೆನಪಾಗುವುದು ಸಹಜ. ಕಪ್ಪೆ ಚೆನ್ನಿಗರಾಯನ ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಲು, ಇದ್ದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆಂದು ಜಕಣಾಚಾರಿಯು ಪಂತವೊಡ್ಡಿದನಂತೆ. ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬಂದಿತಂತೆ. ಇದು ಐತಿಹ್ಯ, ಚರಿತ್ರೆಯಲ್ಲ. ಆದರೆ ಇದನ್ನು ಶಿಲ್ಪಿಯ ಗರ್ವಭಂಗದ ಕಥೆಯೆಂದು ಹೇಳುವವರು ಒಂದು ಅಂಶವನ್ನು ಮರೆಯುತ್ತಾರೆ. ಕಪ್ಪೆಯನ್ನು ಕಲ್ಲಿನೊಳಗೆ ಇಟ್ಟವನು ಅವನಲ್ಲ. ಉಳಿ ತಪ್ಪಿರಲಿಲ್ಲ, ಕೈ ತಪ್ಪಿರಲಿಲ್ಲ. ಆದರೂ ಇದು ಸರಿಯಾಗಿದೆಯೆಂದು ಮಾತು ಕೊಟ್ಟವನು ಅವನು. ಹೊಣೆಯು ತಪ್ಪು ಮಾಡಿದವನನ್ನಲ್ಲ, ಮಾತು ಕೊಟ್ಟವನನ್ನು ಹಿಡಿಯುತ್ತದೆ.

ಕೈಗೆಲಸವೆಲ್ಲ ಪ್ರಾಮಾಣಿಕ, ಯಂತ್ರದ ಕೆಲಸಕ್ಕೆ ಒಡೆಯನಿಲ್ಲ ಎಂದು ಹಲುಬುವವರೊಡನೆ ನಾನು ಸೇರುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದೊಳಗಿನ ನುಣುಪಾದ ಕಂಬಗಳನ್ನೇ ತಿರುಗಣೆಯಲ್ಲಿ ಕಡೆದಿರುವರೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಯೇ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಯಂತ್ರವೂ ಹೆಸರೂ ಒಂದೇ ಗುಡಿಯಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇನ್ನೊಂದು ಸಂಗತಿ. ದೊಡ್ಡ ಕಾರ್ಖಾನೆಯಲ್ಲಿ ಯಂತ್ರ ಮಾಡಿದವನೊಬ್ಬ, ಲೆಕ್ಕ ಬರೆದವನೊಬ್ಬ, ಗುಂಡಿ ಒತ್ತಿದವನೊಬ್ಬ. ಅಲ್ಲಿ ಹೊಣೆಯು ಹಂಚಿಹೋಗಿ ಯಾರ ಕೈಗೂ ಸಿಕ್ಕದಿರಬಹುದು. ಮನೆಯಲ್ಲಿ ಯಂತ್ರವನ್ನು ಮಾರ್ಪಡಿಸಿಕೊಂಡವನಿಗೆ ಆ ಸೌಕರ್ಯವಿಲ್ಲ. ಉಚಿತ ತಂತ್ರಾಂಶದವರು ಯಾವ ಭರವಸೆಯೂ ಇಲ್ಲವೆಂದು ಮೊದಲೇ ಷರತ್ತು ಬರೆದು ಕೈ ತೊಳೆದುಕೊಂಡಿರುತ್ತಾರೆ. ಮೋಟಾರು ಕೂರಿಸಿದವನು, ತಿರುಪಿನ ಸಡಿಲವನ್ನು ಕಂಡೂ ಬಿಟ್ಟವನು, ಅಂಕಿ ಬರೆದವನು ಎಲ್ಲ ಒಬ್ಬನೇ. ಹಂಚಿಹೋಗಿದ್ದ ಹೊಣೆಯು ಗೊಬ್ಬರದ ಕೊಠಡಿಯಲ್ಲಿ ಮತ್ತೆ ಒಂದೇ ತಲೆಯ ಮೇಲೆ ಬಂದು ಕುಳಿತಿತ್ತು. ಹುಡುಗನ ಮುಖದಲ್ಲಿ ಅದು ಕಾಣುತ್ತಿದ್ದಿತು.

ಜಕಣಾಚಾರಿಯಂತೆ ಕೈ ಕಡಿದುಕೊಂಡಿದ್ದರೆ ಗೌಡರ ಹಣ್ಣಿಗೆ ಯಾವ ಉಪಕಾರವೂ ಆಗುತ್ತಿರಲಿಲ್ಲ. ಅವನು ಬ್ಲಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಹೋದನು. ನಾನೂ ಬ್ಯಾಟರಿ ಹಿಡಿದು ಹಿಂದೆ ಹೋದೆ. “ಗೌಡರೇ, ಇದು ತಗ್ಗಾಗಿದೆ. ತಪ್ಪು ನನ್ನದು. ನಾಳೆ ಬೇರೆ ಮಾಡಿಕೊಡುತ್ತೇನೆ” ಎಂದು ಅಂಗಳದಲ್ಲಿಯೇ ಹೇಳಿದನು. ಗೌಡರು ಎಷ್ಟು ತಗ್ಗೆಂದು ಕೇಳಿದರು. ಇಷ್ಟು ಎಂದು ಅವನು ಉಗುರಿನ ತುದಿಯನ್ನು ತೋರಿಸಿದನು. ಅವರು ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬವೊಂದನ್ನು ತಂದು, ಕತ್ತರಿಯಿಂದ ತಗಡಿನ ಚೂರು ಕತ್ತರಿಸಿ, ಬ್ಲಾಕಿನ ಬುಡಕ್ಕೆ ಕೊಟ್ಟು ಬೋಲ್ಟು ಬಿಗಿದರು. ರಾತ್ರಿ ಹನ್ನೊಂದರವರೆಗೆ ಪಲ್ಪರು ಓಡಿತು. ಬಾಯಿಗೆ ಬಂದ ಬೀಜವನ್ನು ಹಿಡಿಹಿಡಿಯಾಗಿ ತೆಗೆದು ದೀಪದ ಕೆಳಗೆ ನೋಡುತ್ತಿದ್ದವನು ಹುಡುಗನೇ.

ಮರುದಿನ ಅವನು ಸಡಿಲವನ್ನು ಅಳೆದು, ಒಂದೇ ದಿಕ್ಕಿನಿಂದ ಗುರುತಿಗೆ ಬರುವಂತೆ ಅಂಕಿಗಳನ್ನು ತಿದ್ದಿ, ಎರಡನೆಯ ಬ್ಲಾಕನ್ನು ಕೊರೆದನು. 40ಕ್ಕೆ ಸರಿಯಾಗಿತ್ತು. ಅದು ಇನ್ನೂ ನಮ್ಮ ಕೊಠಡಿಯ ಹಲಗೆಯ ಮೇಲೆ, ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟದ್ದು, ಹಾಗೆಯೇ ಇದೆ. ಮೊದಲನೆಯದೇ ನಡೆಯುತ್ತಿದೆಯೆಂದು ಗೌಡರು ಒಯ್ಯಲು ಬಂದಿಲ್ಲ.