ಬೆಸೆದ ಮುದ್ರೆ

ಇಂಗ್ಲೆಂಡಿನ ಹಳೇ ಸಾಮಾನಿನ ಸಂತೆಗಳಲ್ಲಿ ಬೆಳ್ಳಿ ಪಾತ್ರೆ ಕಂಡರೆ ನಾವು ಮೊದಲು ತಳ ತಿರುಗಿಸಿ ನೋಡುತ್ತೇವೆ. ನಡೆಯುವ ಸಿಂಹದ ಗುರುತಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಪಕ್ಕದ ಅಕ್ಷರ ವರ್ಷವನ್ನು ತಿಳಿಸುತ್ತದೆ. ಅಕ್ಕಸಾಲಿಗ ತನ್ನ ಹೆಸರಿನ ಅಕ್ಷರಗಳನ್ನು ತಾನೇ ಒತ್ತಬಹುದಿತ್ತು. ಸಿಂಹವನ್ನು ಒತ್ತುವ ಹಕ್ಕು ಪರೀಕ್ಷಾ ಕಚೇರಿಯದು.

1720ರಲ್ಲಿ ಸರ್ಕಾರ ಬೆಳ್ಳಿಗೆ ಔನ್ಸಿಗೆ 6 ಪೆನ್ಸ್ ಸುಂಕ ವಿಧಿಸಿತು. ಆಗ ಕೆಲವು ಅಕ್ಕಸಾಲಿಗರು ಸಣ್ಣ ತುಣುಕೊಂದಕ್ಕೆ ಮಾತ್ರ ಸುಂಕ ಕಟ್ಟಿ, ಮುದ್ರೆ ಒತ್ತಿಸಿ, ಅದನ್ನು ದೊಡ್ಡ ಪಾತ್ರೆಯ ತಳಕ್ಕೆ ಬೆಸೆದರು. ಇಂದಿಗೂ ಅಂಥ ತಳದ ಮೇಲೆ ಬಾಯಿಂದ ಉಸಿರು ಬಿಟ್ಟರೆ ಎಷ್ಟೋ ಸಲ ಬೆಸುಗೆಯ ಗೆರೆ ಮೂಡುತ್ತದೆ.

ಪಾತ್ರೆಯ ಬೆಳ್ಳಿ ಶುದ್ಧವೇ ಇರಬಹುದು, ಮುದ್ರೆಯೂ ಅಸಲಿ. ಹಾಗಾದರೆ ಸರ್ಕಾರಕ್ಕಲ್ಲದೆ ಕೊಂಡವನಿಗೆ ಆದ ಮೋಸವೇನು? ಮಾರುವವನಲ್ಲದ ಇನ್ನೊಬ್ಬ ಪಾತ್ರೆಯನ್ನು ಪರೀಕ್ಷಿಸಿದ್ದಾನೆ ಎಂಬ ಭರವಸೆಗೆ ಅವನು ಹಣ ಕೊಟ್ಟಿದ್ದ. ಪಾತ್ರೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಅದು ಶುದ್ಧವಾಗಿದ್ದರೆ ಅವನ ಅದೃಷ್ಟ.

ನಾವೂ ಒಂದು ಕಡೆ ಗಳಿಸಿದ ನಂಬಿಕೆಯನ್ನು ಇನ್ನೊಂದು ಕಡೆ ಬೆಸೆಯುತ್ತೇವೆ: ಮನೆತನದ ಹೆಸರು, ಪದವಿ, ಹಿಂದೆಂದೋ ಮಾಡಿದ ಉಪಕಾರ. ಅವು ಸುಳ್ಳಲ್ಲ. ಆದರೆ ಈ ಮಾತಿಗೆ, ಈ ಕೆಲಸಕ್ಕೆ ಪರೀಕ್ಷೆ ಬೇರೆಯೇ ಆಗಬೇಕು.